ಅತ್ತಿಗೆಯ ಡ್ರೈಯರೂ ಕಡಬದವರ ಟೂ-ಇನ್-ವನ್ನೂ

ನನ್ನ ಗಂಡನಿಗೆ ಸುಳ್ಯದಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ನಮ್ಮ ಬಾಡಿಗೆ ಮನೆಯ ರಸ್ತೆ ಬದಿಯ ಕೋಣೆ, ಅದರ ಹಿಂದೆಯೇ ಅಡುಗೆಮನೆ. ಅವರು ಬೆಸುಗೆಗೆ ಕರಗಿಸಿದ ರಾಳದ ಹೊಗೆ ನನ್ನ ಸಾರಿಗೂ, ನಾನು ಹುರಿದ ಮೆಣಸಿನ ಘಾಟು ಅವರ ಗಿರಾಕಿಗಳಿಗೂ ತಪ್ಪದೆ ತಲುಪುತ್ತಿತ್ತು. ಎಪ್ಪತ್ತರ ದಶಕವನ್ನು ಅವರು ಬೆಸುಗೆ ಹಾಕುವ ಒಂದೇ ಸೋಲ್ಡರಿಂಗ್ ಐರನ್ನಿನಲ್ಲಿ ಕಳೆದರು. ಮರದ ಹಿಡಿ, ತಾಮ್ರದ ದಪ್ಪ ಮೂತಿ. ಹಳೆಯ ವಾಲ್ವ್ ರೇಡಿಯೋಗಳಿಗೆ ಅದು ಧಾರಾಳ ಸಾಕಿತ್ತು. ಅವುಗಳ ಒಳಗೆ ಬೆಕ್ಕು ಮರಿ ಹಾಕುವಷ್ಟು ಜಾಗವಿರುತ್ತಿತ್ತು.

ಎಂಬತ್ತರ ನಂತರ ಕೊಲ್ಲಿ ದೇಶಗಳಿಂದ ಬರುವವರು ಟೂ-ಇನ್-ವನ್ ತರತೊಡಗಿದರು. ರೇಡಿಯೋವೂ ಕ್ಯಾಸೆಟ್ಟೂ ಒಂದೇ ಪೆಟ್ಟಿಗೆಯಲ್ಲಿ. ಕಡಬದವರೊಬ್ಬರು ಅಂಥದ್ದೊಂದನ್ನು ಹೆಗಲ ಬೈರಾಸಿನಲ್ಲಿ ಸುತ್ತಿ, ಎಳೆ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿ ಬಸ್ಸಿನಿಂದಿಳಿದು ಬಂದರು. ಭಾವ ತಂದುಕೊಟ್ಟ ಸೆಟ್ಟಂತೆ, ಸ್ವರ ನಿಂತುಹೋಗಿತ್ತು. ನಮ್ಮವರು ಬಿಚ್ಚಿ ನೋಡಿ, "ಐಸಿ ಹೋಗಿದೆ. ಬದಲಿಸ್ಬೇಕು" ಎಂದರು.

"ಅರ್ಜೆಂಟ್ ಎಂತದೂ ಇಲ್ಲ ಮಾರಾಯ್ರೆ. ನಿಧಾನಕ್ಕೆ ಮಾಡಿ," ಎಂದು ಅವರು ಹಗುರಾಗಿ ನಡೆದುಹೋದರು.

ನಮ್ಮವರಿಗೆ ಆ ಮಾತು ಚುಚ್ಚಿತು. "ನೋಡಿದಿಯಾ? ನನ್ನ ಕೈಯಲ್ಲಿ ಆಗುದಿಲ್ಲ ಅಂತ ಅವರ ಲೆಕ್ಕ."

ಐಸಿ ಎಂದರೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪು ಬಿಲ್ಲೆ. ಜರಿಹುಳುವಿನ ಹಾಗೆ ಎರಡೂ ಬದಿಗೆ ಕಾಲುಗಳು, ಎಲ್ಲ ಕಾಲಿಗೂ ಬೆಸುಗೆ. ಒಂದು ಕಾಲನ್ನು ಕಾಯಿಸಿ ಬಿಡಿಸುವಾಗ ಉಳಿದವು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಕೊನೆಯ ಕಾಲಿಗೆ ಬರುವಷ್ಟರಲ್ಲಿ ಮೊದಲನೆಯದು ತಣಿದು ಪುನಃ ಅಂಟಿಕೊಂಡಿರುತ್ತದೆ. ನಮ್ಮ ದಪ್ಪ ಮೂತಿಯ ಐರನ್ನಂತೂ ಒಂದು ಕಾಲು ಮುಟ್ಟಿದರೆ ಅಕ್ಕಪಕ್ಕದವನ್ನೂ ಸೇರಿಸಿ ಪಾಯಸ ಮಾಡುತ್ತಿತ್ತು.

ಹೊಸ ಐರನ್ ತರಲು ಪುತ್ತೂರಿಗೆ ಹೊರಟರು. ನರಿಮೊಗರಿನ ನನ್ನ ತವರಿಗೆ ಹೋಗಲಿಕ್ಕಿದ್ದುದರಿಂದ ನಾನೂ ಜೊತೆಗೆ ಹೊರಟೆ. "ಹತ್ತು ನಿಮಿಷದ ಕೆಲಸ," ಎಂದಿದ್ದರು. ಅಂಗಡಿಯವರು ಗಾಜಿನ ಮೇಜಿನ ಮೇಲೆ ಐರನ್‌ಗಳನ್ನು ಸಾಲಾಗಿ ಇಟ್ಟರು: ಪೆನ್ಸಿಲಿನಷ್ಟು ತೆಳ್ಳಗಿನದು, ಅದಕ್ಕಿಂತ ದಪ್ಪದ್ದು, ಟ್ರಿಗರ್ ಒತ್ತಿದೊಡನೆ ಕಾಯುವ ಪಿಸ್ತೂಲಿನಂಥದ್ದು. ಇವರು ಒಂದೊಂದನ್ನೂ ಕೈಯಲ್ಲಿ ತೂಗಿದರು, ಪೆನ್ನಿನ ಹಾಗೆ ಹಿಡಿದು ಗಾಳಿಯಲ್ಲಿ ಬರೆದರು, ಪ್ಲಗ್ಗಿಗೆ ಹಾಕಿಸಿ ಸೀಸ ಕರಗಿಸಿದರು. ಮತ್ತೆ ಮೊದಲನೆಯದನ್ನೇ ಎತ್ತಿದರು. ನಾನು ಸ್ಟೂಲಿನ ಮೇಲೆ ಕುಳಿತು, ನರಿಮೊಗರಿನ ಬಸ್ಸು ಕಣ್ಣೆದುರೇ ಹೋಗುವುದನ್ನು ನೋಡಿದೆ.

ಅಂಗಡಿಯವರಿಗೂ ಸಾಕಾಯಿತು. "ನಾನು ಹೆಣ್ಣು ನೋಡ್ಲಿಕ್ಕೆ ಹೋದಾಗಲೂ ಇಷ್ಟು ಹೊತ್ತು ನೋಡ್ಲಿಲ್ಲ ಮಾರಾಯ್ರೆ!"

"ನಾನೂ ನೋಡ್ಲಿಲ್ಲ," ಎಂದರು ನಮ್ಮವರು, ಐರನ್ನಿನಿಂದ ಕಣ್ಣು ತೆಗೆಯದೆ. "ಆದ್ರೆ ಇದು ದಿನಾ ಕೈಯಲ್ಲಿ ಹಿಡಿಯುವ ವಸ್ತು ಅಲ್ವಾ?"

ಅಂಗಡಿಯವರು ನನ್ನ ಮುಖ ನೋಡಿ ಬೇಗ ಪೆನ್ಸಿಲಿನಂಥದ್ದನ್ನು ಮುಂದೆ ಮಾಡಿದರು. "ಐಸಿ ಕೆಲಸಕ್ಕೆ ಇದೇ ಆಗ್ಬೇಕು."

"ಪುತ್ತೂರಿನ ಕರೆಂಟಿಗೆ ಇದು ಕಾಯ್ತದೆ. ನಮ್ಮಲ್ಲಿ ಸಂಜೆ ಬಲ್ಬಿನ ತಂತಿ ಕಾಣ್ತದೆ, ಬೆಳಕು ಕಾಣುದಿಲ್ಲ," ಎಂದು ಇವರು ಪಿಸ್ತೂಲನ್ನೇ ಆರಿಸಿದರು.

ಪಿಸ್ತೂಲು ಮನೆಯಲ್ಲಿ ಚೆನ್ನಾಗಿಯೇ ಕಾಯಿತು, ಬೇಕಾದ್ದಕ್ಕಿಂತ ಜಾಸ್ತಿಯೇ. ಟ್ರಿಗರ್ ಒತ್ತಿದ್ದೇ ತಡ, ಐಸಿ ಕೂತಿದ್ದ ಸರ್ಕ್ಯೂಟ್ ಹಲಗೆಯ ಮೇಲಿದ್ದ ತಾಮ್ರದ ಸಣ್ಣ ಗೆರೆಯೊಂದು ಸೀದ ದೋಸೆಯ ಅಂಚಿನ ಹಾಗೆ ಸುರುಟಿ ಮೇಲೆದ್ದಿತು. ಮುಂದಿನ ವಾರ ಪುನಃ ಪುತ್ತೂರಿಗೆ ಹೋಗಿ ಪೆನ್ಸಿಲನ್ನೇ ತಂದರು. ಅಂಗಡಿಯವರು ಏನಂದರು ಎಂದು ಕೇಳಿದೆ. "ಎಂತದೂ ಹೇಳ್ಲಿಲ್ಲ, ನಗಾಡಿದ್ರು," ಎಂದರು. ಆ ಐರನ್ ಕೈಗೆ ಸರಿಯಾಗಿ ಕೂತಿತು. ಆದರೆ ಎಲ್ಲ ಕಾಲನ್ನೂ ಒಟ್ಟಿಗೆ ಕಾಯಿಸುವ ಸಮಸ್ಯೆ ಹಾಗೆಯೇ ಉಳಿಯಿತು.

ಆ ಹೊತ್ತಿಗೆ ಇವರ ಅಕ್ಕ, ನನ್ನ ಅತ್ತಿಗೆ, ಕೊಲ್ಲಿಯಿಂದ ರಜೆಯಲ್ಲಿ ಬಂದವಳು ಐವರ್ನಾಡಿನ ಗಂಡನ ಮನೆಯಿಂದ ನಮ್ಮಲ್ಲಿಗೂ ಬಂದಳು. ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ಗುಲಾಬಿ ಬಣ್ಣದ ಯಂತ್ರವೊಂದನ್ನು ತೆಗೆದು ಪ್ಲಗ್ಗಿಗೆ ಹಾಕಿ ಕೂದಲಿಗೆ ಹಿಡಿದಳು. ಗಿರ್ ಎಂದು ಬಿಸಿಗಾಳಿ ಬಂತು. ನಮ್ಮವರು ಬಾಗಿಲಲ್ಲಿ ಕಂಬದ ಹಾಗೆ ನಿಂತುಬಿಟ್ಟರು. ಹೊರದೇಶದ ಫ್ಯಾಕ್ಟರಿಗಳಲ್ಲಿ ಬಿಸಿಗಾಳಿ ಊದಿ ಐಸಿ ಬಿಡಿಸುತ್ತಾರೆಂದು ಮಂಗಳೂರಿನಲ್ಲಿ ಯಾರೋ ಹೇಳಿದ್ದು ಅವರ ತಲೆಯಲ್ಲಿತ್ತು.

"ಅಕ್ಕಾ, ಇದನ್ನು ಎರಡು ದಿವಸ ಇಲ್ಲಿ ಬಿಟ್ಟು ಹೋಗ್ತಿಯಾ?"

"ನಿನಗೆಂತಕ್ಕೆ? ಮೊದಲು ತಲೆಯಲ್ಲಿ ಕೂದಲು ಉಂಟಾ?"

"ನನಗಲ್ಲ, ಐಸಿಗೆ."

"ಅದು ಯಾರು?"

ವಿವರಿಸಿದ್ದು ಅವಳಿಗೆ ಅರ್ಥವಾಗಲಿಲ್ಲ. ಆದರೂ ತಮ್ಮನಲ್ಲವೇ, ಬಿಟ್ಟುಹೋದಳು.

ಮೊದಲ ಸಲ ಊದಿದಾಗ ಹಲಗೆಯ ಮೇಲಿದ್ದ ಧೂಳು ಹಾರಿ ನನ್ನ ಹೆಚ್ಚಿಟ್ಟ ತರಕಾರಿಯ ಮೇಲೆ ಕೂತಿತು. ಐಸಿಗೆ ಹೂಬಿಸಿಯೂ ಆಗಲಿಲ್ಲ. "ಗಾಳಿ ಅಗಲಕ್ಕೆ ಹೋಗ್ತಾ ಉಂಟು. ಒಂದೇ ಕಡೆಗೆ ಬರ್ಬೇಕು," ಎಂದು ಅಡುಗೆಮನೆಗೆ ಬಂದು ನನ್ನ ತಗಡಿನ ಆಲಿಕೆ ಎತ್ತಿಕೊಂಡರು.

"ಅದು ಸೀಮೆಎಣ್ಣೆಯದ್ದು!"

"ಒರೆಸ್ತೇನೆ ಮಾರಾಯ್ತಿ."

ಡ್ರೈಯರಿನ ಬಾಯಿಗೆ ಆಲಿಕೆ ಸಿಕ್ಕಿಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ ಸ್ವಿಚ್ಚು ಹಾಕಿದರು. ಮೊದಲು ಸೀಮೆಎಣ್ಣೆಯ ವಾಸನೆ ಬಂತು. ನಂತರ ಯಂತ್ರದ ಸದ್ದು ಗಿರ್ ಎಂಬಲ್ಲಿಂದ ನರಳುವಲ್ಲಿಗೆ ಇಳಿಯಿತು. ನಾನು ಓಡಿಬಂದು ಪ್ಲಗ್ಗು ಕಿತ್ತೆ. ಅಷ್ಟರಲ್ಲಿ ಗುಲಾಬಿ ಮೂತಿ ಮೆತ್ತಗಾಗಿ ಆನೆಮರಿಯ ಸೊಂಡಿಲಿನ ಹಾಗೆ ಕೆಳಗೆ ಇಳಿಬಿದ್ದಿತ್ತು, ಆಲಿಕೆ ಮೇಜಿನಡಿಗೆ ಉರುಳಿತ್ತು. ಐಸಿ ಮಾತ್ರ ತನ್ನ ಜಾಗದಲ್ಲೇ ಕೂತಿತ್ತು.

"ಗಾಳಿ ಹೋಗ್ಲಿಕ್ಕೆ ದಾರಿ ಸಾಕಾಗ್ಲಿಲ್ಲ," ಎಂದರು ಇವರು, ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಧಾಟಿಯಲ್ಲಿ.

ಸರಿಯಾಗಿ ಆಗಲೇ ಕಡಬದವರು ಬಾಗಿಲಲ್ಲಿ ಕಾಣಿಸಿಕೊಂಡರು. "ಆಗ್ಲಿಲ್ಲ ಅಲ್ವಾ? ತೊಂದರೆ ಇಲ್ಲ ಮಾರಾಯ್ರೆ. ಇನ್ನೊಂದು ತಿಂಗಳು ಹೋದ್ರೂ ಎಂತ ಇಲ್ಲ," ಎಂದು ನಗುತ್ತಲೇ ಹೋದರು.

ಆ ನಗು ಇವರಿಗೆ ತಡೆಯಲಾಗಲಿಲ್ಲ. ಸಣ್ಣ ಕಟ್ಟರ್ ತೆಗೆದುಕೊಂಡು ಸಿಟ್ಟಿನಿಂದ ಐಸಿಯ ಕಾಲುಗಳನ್ನೆಲ್ಲ ಕಟಕಟನೆ ಕತ್ತರಿಸಿದರು. "ಸತ್ತ ಐಸಿಗೆ ಎಂತ ಮರ್ಯಾದೆ!" ಕಪ್ಪು ಬಿಲ್ಲೆ ಟಪ್ಪೆಂದು ಕೆಳಗೆ ಬಿತ್ತು. ಹಲಗೆಯ ಮೇಲೆ ಉಳಿದದ್ದು ಬಿಡಿಬಿಡಿ ಕಾಲುಗಳು. ಇವರು ಬಗ್ಗಿ ಅದನ್ನೇ ನೋಡಿದರು. ಮತ್ತೆ ಪೆನ್ಸಿಲ್ ಐರನ್ನಿನಿಂದ ಒಂದು ಕಾಲನ್ನು ಮುಟ್ಟಿ ಚಿಮಟದಲ್ಲಿ ಎಳೆದರೆ, ಪಾದದ ಮುಳ್ಳಿನ ಹಾಗೆ ನುಣ್ಣಗೆ ಬಂತು. ಎರಡನೆಯದೂ ಬಂತು, ಮೂರನೆಯದೂ ಬಂತು.

"ಹೀಗೆ ಮಾಡ್ಬೇಕು ಅಂತ ನನಗೆ ಮೊದಲೇ ಅಂದಾಜಿತ್ತು," ಎಂದರು. ನಾನು ಸೊಂಡಿಲನ್ನು ನೋಡಿದೆ.

ಡ್ರೈಯರಿಗೆ ತಗಡಿನವರಿಂದ ಹೊಸ ಮೂತಿ ಮಾಡಿಸಿದರು. ಅತ್ತಿಗೆ ಅದನ್ನು ತಿರುಗಿಸಿ ನೋಡಿ, "ಇದೆಂತ, ಕಾಫಿ ಪಾತ್ರೆಯಾ?" ಎಂದಳು. ಆದರೆ ಗಾಳಿ ಚೆನ್ನಾಗಿ ಬರುತ್ತಿತ್ತು. ಅದೇ ಗಾಳಿಯಲ್ಲಿ ಕೂದಲು ಒಣಗಿಸಿಕೊಂಡು ಆಲೆಟ್ಟಿಯ ಮದುವೆಗೆ ಹೋದಳು. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸರು, ಸೀಮೆಎಣ್ಣೆ ಎಲ್ಲಿ ಚೆಲ್ಲಿದೆಯೆಂದು ಬೆಂಚಿನಡಿ ಬಗ್ಗಿ ಬಗ್ಗಿ ಹುಡುಕಿದರಂತೆ. ಆಮೇಲೆ ಒಂದು ವರ್ಷ ಅವಳು ತಮ್ಮನಿಗೆ ಕಾಗದ ಬರೆಯಲಿಲ್ಲ. ನನಗೆ ಮಾತ್ರ ಬರೆಯುತ್ತಿದ್ದಳು.

ಮಂಗಳೂರಿನಿಂದ ಹೊಸ ಐಸಿ ಬಂತು. ಸುರುಟಿದ ಗೆರೆಯ ಜಾಗಕ್ಕೆ ಸಣ್ಣ ವಯರು ಹಾಕಿ ಬೆಸುಗೆ ಮಾಡಿದರು. ಕಡಬದವರು ಬಂದಾಗ ಇವರು ಬಹಳ ಗತ್ತಿನಿಂದ ಸೆಟ್ಟನ್ನು ಪೂರ್ತಿ ಜೋರಿಗೆ ಇಟ್ಟರು. ರಸ್ತೆಯಲ್ಲಿ ಹೋಗುವವರು ನಿಂತು ಕೇಳಿದರು. ಕಡಬದವರ ಮುಖ ಮಾತ್ರ ಬಾಡಿಹೋಯಿತು. ಮೆಲ್ಲ ಸ್ಟೂಲಿನ ಮೇಲೆ ಕುಳಿತರು.

"ಆಯ್ತಾ? ಇಷ್ಟು ಬೇಗ?"

"ಎಂತ, ಸಂತೋಷ ಇಲ್ವಾ ನಿಮಗೆ?"

"ಹೇಗೆ ಹೇಳುದು ಮಾರಾಯ್ರೆ. ಬೆಳಿಗ್ಗೆ ಅಮ್ಮನ ಭಜನೆ, ಮತ್ತೆ ಹೆಂಡ್ತಿಯ ನಾಟಕದ ಕ್ಯಾಸೆಟ್ಟು. ಇದು ಹಾಳಾದ ಮೇಲೆ ಮನೆಯಲ್ಲಿ ನಾನು ಮಾತಾಡಿದ್ದೂ ಅವರಿಗೆ ಕೇಳ್ತಾ ಇತ್ತು." ಸ್ವರ ತಗ್ಗಿಸಿದರು. "ಇದರ ಸ್ವರ ಸ್ವಲ್ಪ ಕಮ್ಮಿಯೇ ಬರುವ ಹಾಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?"

ಅಷ್ಟು ಕಷ್ಟಪಟ್ಟು ತರಿಸಿದ ಸ್ವರ! ಇವರ ಮುಖ ಕೆಂಪಾಯಿತು. ಮತ್ತೆ ನನ್ನ ಕಡೆ ನೋಡಿದರು, ನಾನು ಆಗಲೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಅವರಿಗೂ ನಗು ಬಂತು. ಒಳಗೆ ಒಂದು ಸಣ್ಣ ರೆಸಿಸ್ಟರ್ ಬೆಸೆದುಕೊಟ್ಟರು. ಎಷ್ಟು ತಿರುಗಿಸಿದರೂ ಅರ್ಧಕ್ಕಿಂತ ಮೇಲೆ ಸ್ವರ ಏರದು. ಕಡಬದವರು ಸೆಟ್ಟನ್ನು ಬೈರಾಸಿನಲ್ಲಿ ಸುತ್ತಿ, ಇವರ ಎರಡೂ ಕೈ ಹಿಡಿದು ಹೋದರು.

ಕೆಲವು ದಿನ ಕಳೆದು ಒಬ್ಬರು ಹೆಂಗಸು ಅದೇ ಸೆಟ್ಟನ್ನು ಮೇಜಿನ ಮೇಲಿಟ್ಟರು. "ಇದಕ್ಕೆ ಶೀತ ಆಗಿದೆ, ಸ್ವರವೇ ಬರುದಿಲ್ಲ. ಇಲ್ಲಿ ಎಂತ ಮಾಡಿದ್ದು ಅಂತ ನಮ್ಮವರು ಹೇಳುದಿಲ್ಲ. ನೀವಾದ್ರೂ ಹೇಳಿ."

ಇವರು ಐರನ್ನಿನ ಪ್ಲಗ್ಗು ಹಾಕಿದರು. ಅದು ಕಾಯುವವರೆಗೆ ನಾನು ಆ ಹೆಂಗಸಿಗೆ ಚಹಾ ತಂದುಕೊಟ್ಟೆ.