ಎಡತುದಿಯ ಜಾಗ

ಆ ಕಸೂತಿ ಮನೆಯಲ್ಲಿ ಕೂರಲು ಒಂದು ಜಾಗ ಸಿಗುವುದೆಂದರೆ ಸುಮ್ಮನೆಯಲ್ಲ. ಹಜಾರದ ಉದ್ದಕ್ಕೂ ಒಂದೇ ಮರದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಒಂದೇ ಮಗ್ಗುಲಿಗೆ ಸಾಲಾಗಿ ಕೂತ ಆರು ಹೆಂಗಸರು. ಎಡತುದಿಯಲ್ಲಿ, ಬಾಗಿಲ ಹತ್ತಿರ, ದೊಡ್ಡತ್ತೆ. ಯಾರು ಬಂದರು, ಯಾರು ತಡವಾಗಿ ಬಂದರು ಎಂದು ನೋಡಲು ಅನುಕೂಲವೆಂದು ಮೂವತ್ತು ವರ್ಷದಿಂದ ಅದು ಆಕೆಯದೇ ಜಾಗ. ಉಳಿದ ಐವರು ಆಕೆಯ ಬಲಕ್ಕೆ, ಮೊಣಕೈ ಮೊಣಕೈಗೆ ತಾಗದಷ್ಟು ಮಾತ್ರ ಅಂತರ ಬಿಟ್ಟು ಕೂರುತ್ತಿದ್ದರು. ಈ ಸಾಲಿನಲ್ಲಿ ತನಗೂ ಒಂದು ಜಾಗ ಬೇಕೆಂದು ಹನ್ನೆರಡು ವರ್ಷ ಆಸೆಪಟ್ಟವಳು ಎಡಚಿ.

ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆಯುವವರಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಅವಳ ಎಡಗೈಗೆ ಕರವಸ್ತ್ರ ಸುತ್ತಿ ಗಂಟು ಹಾಕಿದರೆ, ಮಗಳು ಹಲ್ಲಿನಿಂದ ಗಂಟು ಬಿಚ್ಚಿ ಅದೇ ಕೈಯಲ್ಲಿ ಬರೆಯುತ್ತಿದ್ದಳು. ಶಾಲೆಯ ಮೇಷ್ಟ್ರು ಎರಡು ವರ್ಷ ಹೋರಾಡಿ, ಮೂರನೆಯ ವರ್ಷ ವರ್ಗ ಮಾಡಿಸಿಕೊಂಡು ಹೋದರು. ಅದಕ್ಕೆ ಇವಳೇ ಕಾರಣ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಯಾರೂ ಹೇಳಲಿಲ್ಲ.

ಮದುವೆಯಾಗಿ ಬಂದದ್ದು ಕಸೂತಿಯವರ ಮನೆಗೆ. ಅತ್ತೆಯ ಅಕ್ಕನೇ ದೊಡ್ಡತ್ತೆ. ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಆಕೆಯ ಸೂಜಿಗೆ ಎದುರಾಡುವವರಿರಲಿಲ್ಲ. ಹೊಸ ಸೊಸೆಯನ್ನು ಮೊದಲ ವಾರವೇ ಸಾಲಿನ ನಡುವೆ ಕೂರಿಸಿದರು. ಅರ್ಧ ಗಂಟೆಯೊಳಗೆ ಇವಳ ಎಡ ಮೊಣಕೈ ಪಕ್ಕದವಳ ಬಲ ಮೊಣಕೈಗೆ ನಾಲ್ಕು ಸಲ ಬಡಿಯಿತು. ನಾಲ್ಕನೆಯ ಸಲ ಪಾಪ ಆ ಪಕ್ಕದವಳ ಸೂಜಿ ಬೆರಳಿಗೇ ಇಳಿದು, ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಬಿತ್ತು.

"ಏಳೇ, ಏಳು!" ಎಂದರು ದೊಡ್ಡತ್ತೆ. "ಸಾಲದ್ದಕ್ಕೆ ನಿನ್ನ ಹೊಲಿಗೆ ಎಲ್ಲಾ ಆ ಕಡೆ ವಾಲುತ್ತೆ. ದಾರ ನೋಡ್ಕೋ, ಸಾಕು."

ಎಡಗೈಯವಳ ಮೊಣಕೈ ಯಾರಿಗೂ ತಾಗದಂಥ ಜಾಗ ಆ ಸಾಲಿನಲ್ಲಿ ಒಂದೇ ಇತ್ತು, ಎಡತುದಿ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಯಜಮಾನಿಯ ಮುಂದೆ ನಿಂತು "ಸ್ವಲ್ಪ ಏಳ್ತೀರಾ?" ಎಂದು ಕೇಳುವ ಗುಂಡಿಗೆ ಯಾರಿಗಿತ್ತು?

ಹೀಗಾಗಿ ಹನ್ನೆರಡು ವರ್ಷ ಎಡಚಿ ದಾರ ಸುತ್ತಿದಳು, ಬಣ್ಣ ವಿಂಗಡಿಸಿದಳು, ಮುಗಿದ ಬಟ್ಟೆಗೆ ಇಸ್ತ್ರಿ ಹಾಕಿದಳು. ಕೈ ಸುಮ್ಮನಿರಬೇಕಲ್ಲ? ಮನೆಯ ದಿಂಬಿನ ಚೀಲಗಳ ಮೇಲೆ ಜಾಗವೇ ಉಳಿಯದಂತೆ ಹೂವು ತುಂಬಿದಳು. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡ ಗೊಣಗುತ್ತಿದ್ದ: "ಬೆಳಿಗ್ಗೆ ಎದ್ರೆ ಕೆನ್ನೆ ಮೇಲೆಲ್ಲ ಬಳ್ಳಿ ಮೂಡಿರುತ್ತೆ ಕಣೇ. ಅಂಗಡೀಲಿ ಎಲ್ರೂ ನಗ್ತಾರೆ." ಅವಳಿಗೂ ನಗು ಬರುತ್ತಿತ್ತು. ಆದರೆ ಇಸ್ತ್ರಿ ಮೇಜಿನಿಂದ ಆ ಸಾಲನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಷ್ಟರಲ್ಲಿ ಪಟ್ಟಣದ ನಾಟಕಶಾಲೆಯಿಂದ ರಂಗದ ಪರದೆಗೆ ಕೆಲಸ ಬಂತು. ಗಾಢ ನೀಲಿ ಬಟ್ಟೆ, ಎರಡು ಭಾಗ. ಒಂದೊಂದರ ಮೇಲೂ ಆಳೆತ್ತರದ ಹಂಸ, ಬಿಳಿ ರೇಷ್ಮೆ ದಾರದ್ದು, ಒಂದಕ್ಕೊಂದು ಮುಖ ಮಾಡಿ ನಿಂತದ್ದು. ಆರೂ ಜನ ಐದು ತಿಂಗಳು ಕೂತು ಮುಗಿಸಿದರು. ಕಳಿಸಿದ ನಾಲ್ಕೇ ದಿನಕ್ಕೆ ನಾಟಕಶಾಲೆಯ ಮ್ಯಾನೇಜರು ಪರದೆ ಸುತ್ತಿಕೊಂಡು ವಾಪಸ್ ಬಂದರು.

"ಅಮ್ಮಾ, ದೀಪ ಹಾಕಿದ್ರೆ ಒಂದು ಹಂಸ ಮಿರಮಿರ ಮಿಂಚುತ್ತೆ. ಇನ್ನೊಂದಕ್ಕೆ ಜ್ವರ ಬಂದ ಹಾಗಿದೆ. ಜನ ನಾಟಕ ಬಿಟ್ಟು ಅದರ ಆರೋಗ್ಯ ವಿಚಾರಿಸ್ತಿದ್ದಾರೆ. ಒಂದು ತಿಂಗಳು ಕೊಡ್ತೀನಿ. ಆಗದಿದ್ರೆ ಮೆಷಿನ್ನಿನವರ ಹತ್ರ ಮಾಡಿಸ್ಕೋತೀನಿ."

ಮೆಷಿನ್ ಎಂಬ ಮಾತು ಕೇಳಿ ದೊಡ್ಡತ್ತೆಯ ಮುಖ ಕಪ್ಪಿಟ್ಟಿತು. ಮ್ಯಾನೇಜರು ಹೋದದ್ದೇ ತಡ, ಕೋಪವೆಲ್ಲ ಎಡಚಿಯ ಮೇಲೆ ತಿರುಗಿತು.

"ಹಳೇ ದಾರ, ಹೊಸ ದಾರ ಬೆರೆಸಿದ್ದೀಯ!"

"ಇಲ್ಲ ದೊಡ್ಡತ್ತೆ. ಎರಡಕ್ಕೂ ಒಂದೇ ಸಲ ತಂದ ಲಡಿ."

"ಹಾಗಾದ್ರೆ ಮಂಕು ಎಲ್ಲಿಂದ ಬಂತು? ದಾರ ನೋಡ್ಕೊಳ್ಳೋಕೂ ಬರಲ್ಲ ಅಂದ್ರೆ ನಾಳೆಯಿಂದ ಹಜಾರಕ್ಕೇ ಬರಬೇಡ."

ಸಾಲಿನಲ್ಲಿ ಜಾಗ ಸಿಗುವುದಿರಲಿ, ಈಗ ಇಸ್ತ್ರಿ ಮೇಜೂ ಕೈತಪ್ಪುವುದರಲ್ಲಿತ್ತು. ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಕಿಟಕಿಗಳನ್ನು ಮುಚ್ಚಿ, ಪರದೆಯನ್ನು ಗೋಡೆಗೆ ಇಳಿಬಿಟ್ಟು, ಗಂಡನ ಅಂಗಡಿಯಿಂದ ಸೈಕಲ್ಲಿನ ದೀಪ ತಂದಳು. ನಡುವೆ ಹಿಡಿದಳು. ಮ್ಯಾನೇಜರು ಹೇಳಿದ್ದು ನಿಜ, ಬಲಗಡೆಯ ಹಂಸ ಮಂಕು. ದೀಪ ಹಿಡಿದು ಬಲತುದಿಗೆ ನಡೆದಳು. ಮಂಕು ಹಂಸ ಝಗ್ಗನೆ ಹೊಳೆಯಿತು. ಎಡತುದಿಗೆ ಬಂದಳು, ಚೆನ್ನಾಗಿದ್ದದ್ದು ಕಾಯಿಲೆ ಬಿತ್ತು. ವಾಪಸ್ ಬಂದಳು, ಮತ್ತೆ ಹೋದಳು. ದಾರದ್ದೇನೂ ತಪ್ಪಿರಲಿಲ್ಲ.

ಊಟ ಮುಗಿಸಿ ಬಂದವರಿಗೆಲ್ಲ ತೋರಿಸಿದಳು. "ಹಂಸಗಳೇನೋ ಎದುರುಬದುರು ನಿಂತಿವೆ, ಹೊಲಿಗೆ ಮಾತ್ರ ಎರಡರಲ್ಲೂ ಒಂದೇ ಕಡೆ ವಾಲಿದೆ. ನೀವೆಲ್ಲ ಬಲಗೈಯವರು. ನಡುವಿನ ದೀಪಕ್ಕೆ ಇದೂ ಮಿಂಚಬೇಕಾದ್ರೆ ಈ ಹಂಸದ ಹೊಲಿಗೆ ಆ ಕಡೆ ವಾಲಬೇಕು."

ದೊಡ್ಡತ್ತೆ ದೀಪ ಕಸಿದುಕೊಂಡು ತಾವೇ ಮೂರು ಸಲ ಓಡಾಡಿದರು. ಆಮೇಲೆ ಚಿಂದಿ ಬಟ್ಟೆಯ ಮೇಲೆ ಹೊಲಿಗೆಯನ್ನು ಆ ಕಡೆ ವಾಲಿಸಲು ಕೂತರು. ಎರಡು ದಿನ ಬಿಡದೆ ಹಾಕಿದರು. ಮೂವತ್ತು ವರ್ಷ ಒಂದೇ ಕಡೆ ಓಡಿದ ಕೈ ಹೇಳಿದ ಮಾತು ಕೇಳಲಿಲ್ಲ. ಗರಿಯೆಲ್ಲ ಬಾಚದ ತಲೆಯ ಹಾಗೆ ಕೆದರಿತು. ಉಳಿದ ಐವರದ್ದೂ ಅದೇ ಪಾಡು.

"ನಾನು ಹಾಕ್ತೀನಿ," ಎಂದಳು ಎಡಚಿ.

"ಹಾಳು ಮಾಡಿದ್ರೆ?"

"ಈಗಾಗ್ಲೇ ಹಾಳಾಗಿದೆಯಲ್ಲ ದೊಡ್ಡತ್ತೆ."

ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಿನಲ್ಲಿ ಮುಗಿಸಿದರು. ದೊಡ್ಡತ್ತೆ ಸಣ್ಣ ಚೌಕಟ್ಟೊಂದನ್ನು ಪಡಸಾಲೆಗೆ ಹಾಕಿಸಿಕೊಟ್ಟರು.

ಹಂಸದ ಗರಿಯನ್ನೆಲ್ಲ ಬಿಚ್ಚಲು ನಾಲ್ಕು ದಿನ, ತುಂಬಲು ಇಪ್ಪತ್ಮೂರು ದಿನ. ಮೊದಲ ದಿನ ಹಾಕಿದ್ದನ್ನು ಅವಳೇ ಬಿಚ್ಚಿ ಮತ್ತೆ ಹಾಕಿದಳು. ಎರಡನೆಯ ದಿನದಿಂದ ಅವಳಿಗೆ ಹಸಿವೆಯೂ ನೆನಪಾಗಲಿಲ್ಲ. ಕತ್ತಿನ ಬಾಗು, ರೆಕ್ಕೆಯ ಅಂಚು, ಒಂದರ ಪಕ್ಕ ಒಂದು ಎಳೆ, ಅಷ್ಟು ವರ್ಷ ಬೈಸಿಕೊಂಡ ಅದೇ ವಾಲಿಕೆ. ದೊಡ್ಡತ್ತೆ ದಿನಕ್ಕೊಮ್ಮೆ ಬಂದು, ಕನ್ನಡಕ ಏರಿಸಿ ನೋಡಿ ಹೋಗುತ್ತಿದ್ದರು. ಅವರು ಬಯ್ಯದೆ ಹೋದದ್ದೇ ಅವಳಿಗೆ ದೊಡ್ಡ ಬಿರುದು.

ತಿಂಗಳು ತುಂಬುವ ಮುಂಚೆ ಎಲ್ಲರೂ ಬಸ್ಸು ಹತ್ತಿ ಪಟ್ಟಣಕ್ಕೆ ಹೋದರು. ಖಾಲಿ ಕುರ್ಚಿಗಳ ನಡುವೆ ಏಳೂ ಹೆಂಗಸರು ಸಾಲಾಗಿ ನಿಂತರು. ಮ್ಯಾನೇಜರು ಗುಂಡಿ ಒತ್ತಿದರು. ಎರಡು ಹಂಸಗಳೂ ಒಂದೇ ಸಲಕ್ಕೆ, ಒಂದೇ ಬೆಳಕಿನಲ್ಲಿ ಹೊಳೆದವು. ಎಡಚಿ ಪಕ್ಕದವಳ ಕೈಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಅವಳು ಕೂಗಿಕೊಂಡಳು.

"ಭೇಷ್!" ಎಂದರು ಮ್ಯಾನೇಜರು. ರಂಗದ ಹತ್ತಿರ ಹೋಗಿ, ತಿಳಿದವರ ಹಾಗೆ ತಲೆ ಓರೆ ಮಾಡಿ, ಎಡಗಡೆಯ ಹಂಸ ತೋರಿಸಿದರು. "ತಿದ್ದಿದ್ದು ಇದನ್ನೇ ತಾನೇ? ಚೆನ್ನಾಗೇ ಇದೆ. ಕತ್ತು ಮಾತ್ರ ಸ್ವಲ್ಪ ಬಿಗಿ ಆಯ್ತು. ಆ ಬಲಗಡೆಯದು ನೋಡಿ, ಹಿರಿಯರ ಕೈ ಅಂದ್ರೆ ಅದು!"

ಅವರು ಬಿಗಿ ಎಂದ ಕತ್ತು ದೊಡ್ಡತ್ತೆಯೇ ಹಾಕಿದ್ದು. ಉಳಿದ ಆರೂ ಜನ ನೆಲ ನೋಡಿದರು. ದೊಡ್ಡತ್ತೆ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಎರಡು ಹಂಸಗಳನ್ನೂ ಬಹಳ ಹೊತ್ತು ನೋಡಿದರು.

"ಅದು ನಾನು ಹಾಕಿದ್ದು ಸ್ವಾಮಿ," ಎಂದರು. "ಬಿಗಿಯಾಗೇ ಇದೆ. ನೀವು ಮೆಚ್ಚಿದ್ದು ನಮ್ಮ ಸೊಸೆ ಹಾಕಿದ್ದು. ಇಗೋ, ಇವಳೇ."

ಎಡಚಿಯ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ಉಳಿದ ಐವರದ್ದೂ ಗಲಾಟೆಯೋ ಗಲಾಟೆ. ಕಂಡಕ್ಟರ್ ಎರಡು ಸಲ ಸುಮ್ಮನಿರಿ ಎಂದ. ದೊಡ್ಡತ್ತೆ ಮಾತ್ರ ಇಡೀ ದಾರಿ ಕಿಟಕಿಯಾಚೆ ನೋಡುತ್ತಾ ಬಂದರು.

ಸೋಮವಾರ ಬೆಳಿಗ್ಗೆ ಅವಳು ಹಜಾರಕ್ಕೆ ಬಂದಾಗ ಸಾಲು ಆಗಲೇ ಕೂತಿತ್ತು. ಎಲ್ಲರೂ ಒಂದೊಂದು ಜಾಗ ಬಲಕ್ಕೆ ಸರಿದಿದ್ದರು. ಕೊನೆಯವಳು ಉಗ್ರಾಣದ ಬಾಗಿಲಿಗೆ ಒತ್ತರಿಸಿಕೊಂಡು, "ಇನ್ನೊಂದು ಸ್ವಲ್ಪ ಸರಿದ್ರೆ ನಾನು ಮೂಟೆ ಜೊತೆ ಮೂಟೆ ಆಗ್ತೀನಿ," ಎಂದು ಗೊಣಗುತ್ತಿದ್ದಳು. ದೊಡ್ಡತ್ತೆ ಎರಡನೆಯ ಜಾಗದಲ್ಲಿದ್ದರು. ಎಡತುದಿ ಖಾಲಿಯಿತ್ತು.

"ದಾರ ನಾನೇ ಸುತ್ತಿಟ್ಟಿದ್ದೀನಿ. ಕೂತ್ಕೋ," ಎಂದರು ತಲೆ ಎತ್ತದೆ.

ಕೂತಳು. ಆದರೆ ಕಣ್ಣು ತುಂಬಿ ಸೂಜಿಯ ತೂತೇ ಕಾಣಲಿಲ್ಲ. ಮೂರು ಸಲ ದಾರ ತಪ್ಪಿತು. ದೊಡ್ಡತ್ತೆ ಬೇಸರದಿಂದ ಲೊಚಗುಟ್ಟಿ ಸೂಜಿಯನ್ನು ಕಿತ್ತುಕೊಂಡರು, ದಾರ ಪೋಣಿಸಿದರು, ಅವಳ ಎಡಗೈ ಹುಡುಕಿ ಅದರಲ್ಲಿಟ್ಟರು.