ತಣ್ಣನೆಯ ಮುಚ್ಚಳದ ಮೇಲೆ ಅವರ ಅಂಗೈ

ಇವತ್ತು ಬೆಳಿಗ್ಗೆ ಭಾಲ್ಕಿಯ ನಮ್ಮ ಕಾರ್ಖಾನೆಯಲ್ಲಿ ಕೆಟ್ಟುಹೋದ ಟ್ರಾನ್ಸ್‌ಮಿಟರ್ ಒಂದನ್ನು ಬಿಚ್ಚಿದೆ. ಪೇಢೆಯಷ್ಟು ಗಾತ್ರದ ಕರಿ ಬಿಲ್ಲೆ, ಬಿಸಿಗೆ ಉಬ್ಬಿ ಬಿರಿದಿತ್ತು. ಮುಚ್ಚಳ ತೆಗೆದ ಕೂಡಲೇ ಒಲೆಗೆ ಬಿದ್ದ ಅರಗಿನ ಬಳೆಯಂಥ ವಾಸನೆ ಮೂಗಿಗೆ ಹೊಡೆಯಿತು. ವಾಸನೆಯ ಹಿಂದೆಯೇ ನೆನಪಿನಲ್ಲಿ ಅವರು ಬಂದು ನಿಂತರು... ನಾನು ಕರೆದಿರಲಿಲ್ಲ.

ಅವರು ಬೀದರಿನ ನನ್ನ ಮೊದಲ ಕೆಲಸದ ಸಾಹೇಬರು. ನೌಬಾದದ ಆಚೆ ಔಷಧದ ಪುಡಿ ಮಾಡುವ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳೆಲ್ಲ ಅವರ ಕೈಕೆಳಗಿದ್ದವು. ಅವರ ಊರು ಔರಾದ. ನಾನು ಡಿಪ್ಲೊಮಾ ಮುಗಿಸಿದ ಹುಡುಗಿ, ಒಂದು ವರ್ಷದ ಕರಾರಿನ ಮೇಲೆ ಸೇರಿದ್ದೆ. ವರ್ಷ ತುಂಬಿದ ಮೇಲೆ ನನ್ನನ್ನು ಕಾಯಂ ಮಾಡುವುದೋ ಬಿಡುವುದೋ ಅವರ ಒಂದು ಮಾತಿನ ಮೇಲಿತ್ತು. ಕಾಯಂ ಆದರೆ ಬೀದರಿನಲ್ಲಿ ಕೋಣೆ ಹಿಡಿದು ಇರಬಹುದು. ಇಲ್ಲವಾದರೆ ಭಾಲ್ಕಿಗೆ ಮರಳಿ, ಅಣ್ಣ ನೋಡಿಟ್ಟ ಸಂಬಂಧಕ್ಕೆ ತಲೆಯಾಡಿಸಬೇಕು. ಇದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ದಿನಾ ಬಾಗಿಲಲ್ಲಿ ಎಲ್ಲರಿಗೂ ಕೇಳುವಂತೆ, ನಾನೇನೋ ದೊಡ್ಡ ಅಮ್ಮಾವರು ಎಂಬಂತೆ ಅಣಕಿಸಿ ಕೂಗುತ್ತಿದ್ದರು: “ಡಿಪ್ಲೊಮಾ ಬಾಯಾರು ಬಂದ್ರಪಾ, ಕುರ್ಚಿ ಹಾಕ್ರಿ!”

ಆ ಚಳಿಗಾಲದಲ್ಲಿ ಪುಡಿ ಒಣಗಿಸುವ ಯಂತ್ರಕ್ಕೆ ಹೊಸ ಟ್ರಾನ್ಸ್‌ಮಿಟರ್ ಆರಿಸಬೇಕಿತ್ತು. ಒಳಗಿನ ಸೆನ್ಸರ್ ಬಿಸಿಯನ್ನು ಅರಿಯುತ್ತದೆ, ಟ್ರಾನ್ಸ್‌ಮಿಟರ್ ಅದನ್ನು ದೂರದ ಪರದೆಗೆ ಮುಟ್ಟಿಸುತ್ತದೆ. ಈ ಟ್ರಾನ್ಸ್‌ಮಿಟರನ್ನು ಸೆನ್ಸರಿನ ಮುಚ್ಚಳವಿರುವ ತಲೆಯೊಳಗೇ ಕೂರಿಸಬಹುದು. ವೈರಿನ ಖರ್ಚು ಉಳಿಯುತ್ತದೆ, ಆದರೆ ಬಿಸಿ ಪಕ್ಕದಲ್ಲೇ ಇರುತ್ತದೆ. ದೂರದ ಕಂಟ್ರೋಲ್ ಕೋಣೆಯಲ್ಲಿಟ್ಟರೆ ತಂಪು, ಆದರೆ ದಾರಿಯುದ್ದಕ್ಕೂ ಮೋಟರುಗಳ ವಿದ್ಯುತ್ ಕಾಟಕ್ಕೆ ಅಳತೆ ಕುಣಿಯುತ್ತದೆ. ಮೂರನೆಯ ದಾರಿಯೂ ಇತ್ತು: ಪಕ್ಕದ ಗೋಡೆಗೆ ಒಂದು ಡಬ್ಬಿ ಹೊಡೆದು ಅದರೊಳಗೆ ಇಡುವುದು.

ಇವನ್ನೆಲ್ಲ ತೂಗಿ ನೋಡುವುದು ಸಾಹೇಬರ ಪದ್ಧತಿಯಲ್ಲ. ಬೆಳಗಿನ ಚಹಾ ಹಿಡಿದುಕೊಂಡೇ ಸುತ್ತು ಹಾಕಲು ಹೊರಟು, ಸೆನ್ಸರಿನ ಮುಚ್ಚಳದ ಮೇಲೆ ಅಂಗೈ ಊರುತ್ತಿದ್ದರು. ಚಹಾ ಮುಗಿಯುವವರೆಗೆ ಕೈ ತಡೆದರೆ ಆ ಜಾಗ ಪಾಸು. ಆ ವಾರ ಒಂಬತ್ತು ಕಡೆ ಕೈ ಇಟ್ಟರು, ಒಂಬತ್ತೂ ಪಾಸಾದವು ಎಂದು ನನ್ನ ದಿನಚರಿಯಲ್ಲಿದೆ. ಯಂತ್ರ ಇನ್ನೂ ಕಾದಿರದ ಹೊತ್ತು, ಛಾವಣಿಯ ತಗಡು ಮಂಜಿನಂತೆ ತಣ್ಣಗೆ... ಪಾಸಾಗದೆ ಏನಾದೀತು?

“ಸರ್, ಮಧ್ಯಾಹ್ನ ಒಮ್ಮೆ ನೋಡೋಣ್ರಿ,” ಎಂದೆ.

“ಮಧ್ಯಾಹ್ನ ನನಗ ಊಟ ಅದ.”

“ಬ್ಯಾಸಗ್ಯಾಗ ಇದು ತಡಿಯಂಗಿಲ್ಲರಿ. ಗ್ವಾಡಿಗಿ ಡಬ್ಬಿ ಬಡದು ಇಡೋಣ್ರಿ, ಎರಡು ಮಾರು ವೈರ್ ಹೆಚ್ಚಿಗಿ ಹೋಗ್ತದ, ಅಷ್ಟೇ.”

“ನೀ ಹುಟ್ಟೂಕಿಂತ ಮೊದಲಿಂದ ಈ ಕೈ ನೌಕರಿ ಮಾಡ್ಲಿಕತ್ತದ. ಖಾಲಿಪೀಲಿ ದಿಮಾಗ್ ಓಡಸಬ್ಯಾಡ. ತಲ್ಯಾಗೇ ಕೂಡಸು.”

ಕೂರಿಸಿದೆ. ಪ್ರತಿ ವೈರನ್ನೂ ಬಿಗಿದು, ಎಳೆದು ನೋಡಿ ಮುಚ್ಚಳ ಹಾಕಿದೆ. ಬಿಗಿದ ಮೇಲೆ ಎಳೆದು ನೋಡುವುದನ್ನು ಕಲಿಸಿದವರೂ ಅವರೇ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ, ಹಲ್ಲು ಕಚ್ಚಿಕೊಂಡೇ.

ಮೇ ತಿಂಗಳು ಬಂತು. ತಗಡಿನ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ಒಂದು ಮಧ್ಯಾಹ್ನ ಸೆನ್ಸರಿನ ತಲೆಯೊಳಗಿನ ಆ ಟ್ರಾನ್ಸ್‌ಮಿಟರ್ ಬಿಲ್ಲೆ ಹದಗೆಟ್ಟು, ಬಿಸಿಯನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸತೊಡಗಿತು. ಕಡಿಮೆ ಕಂಡಷ್ಟೂ ಯಂತ್ರ ತಾನೇ ಹೆಚ್ಚು ಉಗಿ ಎಳೆದುಕೊಂಡಿತು. ಬೆಳ್ಳಗೆ ಬರಬೇಕಾದ ಪುಡಿ ಚಹಾದ ಬಣ್ಣಕ್ಕೆ ತಿರುಗಿತು. ಇಡೀ ಬ್ಯಾಚು ಹಾಳು. ಯಂತ್ರ ನಿಲ್ಲಿಸಿದರು.

ಮಾಲೀಕರು ಹೈದರಾಬಾದಿನಿಂದ ಬಂದು ಮುಟ್ಟಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಎಲ್ಲ ಆರಿ ತಣ್ಣಗಾಗಿತ್ತು. ಸಾಹೇಬರು ಅವರೆದುರಿಗೆ ಆ ಮುಚ್ಚಳದ ಮೇಲೆ ಅಂಗೈ ಊರಿದರು.

“ನೋಡ್ರಿ ಮಾಲಕ್ರ, ತಣ್ಣಗದ. ಇದರಾಗ ಬಿಸಿದೇನದ? ಬಾಯಾರು ವೈರ್ ಬಿಗಿ ಮಾಡಿಲ್ಲ.”

“ಮಷಿನ್ ಚಾಲೂ ಮಾಡಿ ಕೈ ಇಡ್ರಿ ಸರ್!” ನನ್ನ ದನಿ ಏರಿತ್ತು.

“ಯಾಕ, ಇನ್ನೊಂದು ಬ್ಯಾಚ್ ಹಾಳ ಮಾಡ್ಬೇಕಂತೀ?”

ಮಾಲೀಕರು ನಕ್ಕರು. ಯಂತ್ರ ನಡೆಸುವಾತ ನಿನ್ನೆ ಆ ಮುಚ್ಚಳ ಮುಟ್ಟಿ ಬೆರಳು ಸುಟ್ಟುಕೊಂಡಿದ್ದ. ಅವನು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನೆಲ ನೋಡಿದ. ಆ ತಿಂಗಳ ಕೊನೆಗೆ ನನ್ನ ಕರಾರು ಮುಗಿಯಿತು. ಸಾಹೇಬರ ಆ ಒಂದು ಮಾತು ನನ್ನ ಪಾಲಿಗೆ ಬರಲಿಲ್ಲ.

ಅಣ್ಣ ತಂದ ಸಂಬಂಧವನ್ನು ನಾನು ಒಪ್ಪಲಿಲ್ಲ. ಇಲ್ಲಿ ಭಾಲ್ಕಿಯಲ್ಲಿ ಕೆಲಸ ಸಿಗಲು ಎರಡು ವರ್ಷ ಹಿಡಿಯಿತು. ಅಷ್ಟು ದಿನ ಊಟದ ತಾಟಿನ ಮುಂದೆ ಮನೆಯವರಿಂದ ಕೇಳಿಸಿಕೊಂಡದ್ದನ್ನೆಲ್ಲ ನಾನು ಸಾಹೇಬರ ತಲೆಗೇ ಕಟ್ಟಿದ್ದೇನೆ, ಇಳಿಸಿಲ್ಲ.

ಹೋದ ತಿಂಗಳು ಆ ಯಂತ್ರ ನಡೆಸುವಾತ ಫೋನ್ ಮಾಡಿದ್ದ. “ಸಾಹೇಬ್ರು ಹೋಗ್ಬಿಟ್ರರಿ ಮೇಡಂ. ಔರಾದಕ್ಕ ಬರ್ತೀರೇನು?” ನಾನು ಹೋಗಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆನ್ನುತ್ತಾರೆ. ಹುಡುಕಿದೆ... ಆ ವೈರು ಎಳೆದು ನೋಡುವ ಪಾಠ ಬಿಟ್ಟು ಬೇರೇನೂ ಕೈಗೆ ಹತ್ತಲಿಲ್ಲ.

ಇವತ್ತು ಮಧ್ಯಾಹ್ನ, ಬಿಸಿ ನೆತ್ತಿಗೇರಿದ ಹೊತ್ತಿನಲ್ಲಿ ಅಳೆದು, ಹೊಸದನ್ನು ಗೋಡೆಯ ಡಬ್ಬಿಯಲ್ಲಿ ಕೂರಿಸಿದೆ. ಒಂದೊಂದೇ ವೈರು ಬಿಗಿದು ಎಳೆದು ನೋಡಿದೆ. ಕೆಟ್ಟ ಬಿಲ್ಲೆ ಮೇಜಿನ ಮೇಲೆ ಇನ್ನೂ ನಾರುತ್ತಿದೆ. ಒಂದೇ ಒಂದು ಸಲ, ಮೇ ತಿಂಗಳ ಬಿಸಿಲಿನಲ್ಲಿ, ಓಡುವ ಯಂತ್ರದ ಆ ಮುಚ್ಚಳದ ಮೇಲೆ ಅವರ ಅಂಗೈ ಇಡಿಸಿ, ಪಕ್ಕದಲ್ಲಿ ನಾನು ನಿಧಾನಕ್ಕೆ ಚಹಾ ಕುಡಿಯಬೇಕೆಂದಿದ್ದೆ. ಇನ್ನು ಆ ಕೈ ಎಲ್ಲಿಂದ ತರಲಿ...