ನನ್ನ ಖಾನಾವಳಿ ಎದುರಿನ ಗಾಡಿ

ಹೊಟ್ಟಿಕಿಚ್ಚ ಅಂದ್ರ ಏನು ಅಂತ ನನ್ನ ಕೇಳ್ರಿ. ಇಳಕಲ್ ಬಸ್ ಸ್ಟ್ಯಾಂಡ್ ಎದುರಿಗೆ ನಮ್ಮ ಖಾನಾವಳಿ. ನಾ ರೊಟ್ಟಿ ಬಡೀತೇನಿ, ನಮ್ಮ ಮನಿಯವ್ರು ಬಡಸ್ತಾರ. ಗ್ರಾನೈಟ್ ಲಾರಿ ಡ್ರೈವರು, ಬಸ್ ಕಂಡಕ್ಟರು, ಮಗ್ಗದ ಮಂದಿ, ಮಧ್ಯಾಹ್ನ ಆತಂದ್ರ ಕೂಡಾಕ ಜಾಗ ಇರ್ತಿರಲಿಲ್ಲ. ಅಂಥಾದ್ರಾಗ ಒಂದಿನ ರಸ್ತೆ ಆಚಿ ಬೇವಿನ ಗಿಡದ ಕೆಳಗ ಹಳದಿ ಬಣ್ಣದ ಗಾಡಿ ಬಂದು ನಿಂತು, ಮಗ್ಗಲದ ಬಾಗಲಾ ಮ್ಯಾಲೆದ್ದು, ಒಳಗ ನನ್ನ ನೆಗೆಣ್ಣಿ ಮಾರಿ ಕಾಣಿಸ್ತು. ನನ್ನ ಮೈದುನನ ಹೆಂಡ್ತಿ! ವರ್ಷಗಟ್ಲೆ ನನ್ನ ಕೂಡ ಒಂದ ಒಲಿ ಮುಂದ ಕುಂತಾಕಿ. ಬ್ಯಾರೆ ಆದ ಮ್ಯಾಲ ಗಾಡಿ ಹಚ್ಚಾಕ ಊರಾಗ ಮತ್ತೆಲ್ಲೂ ಜಾಗ ಸಿಗಲಿಲ್ಲೇನು?

"ಬಸ್ಸು ಇಲ್ಲೇ ನಿಲ್ತಾವಲ್ಲಕ್ಕಾ" ಅಂದ್ಲು. ಹೌದವ್ವಾ, ಇಲ್ಲೇ ನಿಲ್ತಾವು. ಅದಕ್ಕ ನಾವೂ ಇಲ್ಲೇ ಅದೀವಿ!

ಏನ್ ಮಾರ್ತಿದ್ಲು ಗೊತ್ತೇನ್ರಿ? ಗಿರ್ಮಿಟ್, ಗೋಬಿ ಮಾರ್ಲಿ, ಬ್ಯಾಡನ್ನಾಕ ನಾನ್ಯಾರು. ಆದ್ರ ಮೆತ್ತನ್ನ ಜೋಳದ ರೊಟ್ಟಿಯೊಳಗ ಎಣಗಾಯಿ ಪಲ್ಯ ಇಟ್ಟು, ಸುರುಳಿ ಸುತ್ತಿ, ಕಾಗದದಾಗ ಹಾಕಿ 'ರೊಟ್ಟಿ ರೋಲ್' ಅಂತ ಕೊಟ್ಲು ನೋಡ್ರಿ, ಅಲ್ಲಿ ನನ್ನ ಮೈಯೆಲ್ಲಾ ಉರೀತು. ಆ ಎಣಗಾಯಿ ನಮ್ಮತ್ತಿ ಇಬ್ರಿಗೂ ಕೂಡೇ ಕಲಿಸಿದ್ದು. ನಾನೂ ಅದನ್ನ ಬಡಸ್ತೇನಿ, ತಾಟ ತುಂಬ, ಮೊಸರು, ಶೇಂಗಾ ಚಟ್ನಿ, ಬೇಕಂದ್ರ ಮತ್ತೊಂದ್ ರೊಟ್ಟಿ. ಆದ್ರೂ ಮಂದಿ ಅಲ್ಲೇ ನಿಂತ್ಕೊಂಡು ತಿಂದು, ಫೋಟೋ ಹೊಡ್ಕೊಂಡು ಹೋಗ್ತಿದ್ರು. ನಮ್ಮ ಮನಿಯವ್ರು ಸುದ್ದಾ ಒಮ್ಮೆ ಬೆರಳು ನೆಕ್ಕೋತ ಬಂದು, "ಚಲೋ ಮಾಡ್ಯಾಳ ಬಿಡು" ಅಂದ್ರು. ಆ ಸಂಜಿ ಅವ್ರಿಗೆ ಬರೇ ಮಜ್ಜಿಗಿ ಅನ್ನ ಹಾಕಿದ್ನಿ.

ಮಧ್ಯಾಹ್ನ ಬೆಂಚು ಖಾಲಿ ಬೀಳಾಕ ಹತ್ತಿದ್ವು. ಹಿಂಗ ಆದ್ರ ಖಾನಾವಳಿ ಬಾಗಲಾ ಹಾಕೂದ ಗತಿ ಅಂತ ನನಗ ಊಟ ಸೇರ್ತಿರಲಿಲ್ಲ.

ಅಷ್ಟೊತ್ತಿಗೆ ಆಕೀದು ನೋಡಿ ಮತ್ತ ನಾಕೈದು ಗಾಡಿ ಬಂದ್ವು. ಬಸ್ ತಿರಗಾಕ ಜಾಗ ಇಲ್ಲ ಅಂತ ಡ್ರೈವರು ದಿನಾ ಜಗಳ. ಕಡೀಕ ನಗರಸಭಿಯವ್ರು ಅಂಗಡಿಯವ್ರನ್ನೂ ಗಾಡಿಯವ್ರನ್ನೂ ಸಭಿಗೆ ಕರದ್ರು. "ಗಾಡಿ ಅಲ್ಲೇ ಇರಲೋ, ಕಾಲೇಜ್ ಮೈದಾನದ ಕಡಿ ಕಳಸೋಣೋ, ಏನಂತೀರಿ?" ಅಂತ ಸಾಹೇಬ್ರು ಕೇಳಿದ್ರು. ಅಂಗಡಿ ಗಂಡಸ್ರು ಒಬ್ರ ಮಾರಿ ಒಬ್ರು ನೋಡಿದ್ರು. ಕೆಟ್ಟಾಗೂದು ಯಾರಿಗೂ ಬ್ಯಾಡಾಗಿತ್ತು. ಆಕಿ ನನ್ನ ಎದುರಿಗೇ ಕುಂತಿದ್ಲು. ನಾ ಎದ್ದ್ ನಿಂತ್ನಿ.

"ಕಳಸ್ರಿ ಸಾಹೇಬ್ರ. ಬಸ್ಸಿಗೆ ತ್ರಾಸು, ಹೊಗಿ, ರಸ್ತೆ ತುಂಬ ಎಂಜಲ ಕಾಗದ. ಖಾನಾವಳಿ ಮುಂದಂತೂ ಬ್ಯಾಡ್ರಿ."

ಹೇಳಿದ್ದೆಲ್ಲಾ ಖರೇನ. ನನ್ನ ಹೊಟ್ಟಿ ಉರಿಯೋದೊಂದ ಹೇಳಲಿಲ್ಲ.

ಬಸ್ ಸ್ಟ್ಯಾಂಡ್ ರಸ್ತೇದಾಗ ತಿನಿಸಿನ ಗಾಡಿ ನಿಲ್ಸೂದು ಬಂದ್ ಆತು. ಹಳದಿ ಗಾಡಿ ಹೋದ ದಿನ ಮನ್ಯಾಗ ಹೋಳಿಗಿ ಮಾಡಿದ್ನಿ. ಎಲ್ಲಿ ಹೋಳಿಗಿ, ಎಲ್ಲಿ ಹಬ್ಬ! ಮೈದಾನದಾಗ ಆಕಿಗೆ ಖುರ್ಚಿ ಹಾಕಾಕ ಜಾಗ ಸಿಕ್ತು. ಸಂಜಿ ಹೆಂಗಸ್ರು ಮಕ್ಕಳು ಮರಿ ಕಟ್ಕೊಂಡು ಬರಾಕ ಹತ್ತಿದ್ರು. ನನ್ನ ಹಳೇ ಗಿರಾಕಿಗೋಳು ನನ್ನ ಬಾಗಲಿಗೇ ಬಂದು, "ಅಕ್ಕಾರ, ನಿಮ್ಮ ನೆಗೆಣ್ಣಿ ಗಾಡಿ ಎಲ್ಲಿಗೆ ಹೋತ್ರಿ?" ಅಂತ ಕೇಳೋರು. ಗಾಯದ ಮ್ಯಾಲ ಬರಿ ಎಳದಂಗ! "ನನಗೇನ್ ಗೊತ್ತು" ಅಂತಿದ್ನಿ. ನಮ್ಮ ಮನಿಯವ್ರು ಒಳಗಿಂದ ಬಂದು ಹಾದಿ ಹೇಳೋರು.

ಒಂದ್ ಅಮಾಸಿ ಮುಂಜಾನೆ ಮೈದುನ ಗಾಡಿ ತಂದು ನಮ್ಮ ಬಾಗಲ ಮುಂದ ನಿಲ್ಸಿದ. ಆಕಿ ಇಳದ್ಲು. ಬಲಗೈಗೆ ಬಟ್ಟಿ ಸುತ್ತಿತ್ತು. ಎಣ್ಣಿ ಸಿಡಿದು ಸುಟ್ಟಿತ್ತಂತ, ಅದರ ಹಿಂದಿನ ವಾರ ಒಲಿ ಕೆಟ್ಟಿತ್ತಂತ.

"ಯಾರದೋ ಕಣ್ಣ ಬಿದ್ದೈತಕ್ಕಾ. ಅತ್ತಿ ಹೋದ ಮ್ಯಾಲ ಮನ್ಯಾಗ ಹಿರೇಕಿ ನೀನ. ದೃಷ್ಟಿ ತಗಿ."

ಇಲ್ಲ ಅನ್ನಾಕ ಬರತೈತೇನು? ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯೊಳಗ ಹಿಡಿದು ಆಕಿಗೂ ಗಾಡಿಗೂ ನಿವಾಳಿಸಿ ಒಲಿ ಕೆಂಡಕ್ಕ ಹಾಕಿದ್ನಿ. ದೃಷ್ಟಿ ಆಗಿರದಿದ್ರ ಆ ಘಾಟಿಗೆ ಓಣಿ ಮಂದಿ ಎಲ್ಲಾ ಕೆಮ್ಮಬೇಕು. ಆಗಿದ್ರ ಎಷ್ಟ್ ಸುಟ್ರೂ ಘಾಟ ಬರೂದಿಲ್ಲ. ನಮ್ಮ ಕಡಿ ಸಣ್ಣ ಹುಡುಗ್ರಿಗೂ ಗೊತ್ತಿದ್ದ ಮಾತಿದು. ಇಬ್ರೂ ಒಲಿ ಮುಂದ ಕುಂತ್ವಿ. ಉಪ್ಪು ಚಟಪಟ ಅಂತು, ಮೆಣಸಿನಕಾಯಿ ಕರ್ರಗಾದ್ವು. ಘಾಟ ಬರವಲ್ದು! ಶಿವನೇ! ಆಕಿ ಒಲಿ ಬಿಟ್ಟು ನನ್ನ ಮಾರಿ ನೋಡ್ತಿದ್ಲು. ನಾ ಸೆರಗು ಬಾಯಿಗಿಟ್ಟು ಜೋರಾಗಿ ಕೆಮ್ಮಿದ್ನಿ.

"ಬಂತ್ ನೋಡು ಘಾಟ. ನಿನಗ ಯಾರ ಕಣ್ಣೂ ಬಿದ್ದಿಲ್ಲ. ಸುಮ್ನ ಹೋಗು."

ಆಕಿ ಸೀರಿ ನಿರಿಗಿ ಝಾಡಿಸಿ ಎದ್ಲು.

"ಹೌದಕ್ಕಾ" ಅಂದ್ಲು. "ಕೆಮ್ಮ ಬಂದದ್ದು ನಿನಗೊಬ್ಬಾಕಿಗೇ."